ಇನ್ನು ಪ್ರಶ್ನೆ ಕೇಳುವವರು ಅವರು

ಕೋಲಾರ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ ಇಷ್ಟು: ಮನಃಶಾಸ್ತ್ರದಲ್ಲಿ ಎಂ.ಎಸ್ಸಿ. ಆಗಿದೆ. ವೃದ್ಧಾಪ್ಯದ ಸಂಶೋಧನಾ ಯೋಜನೆಯೊಂದರಲ್ಲಿ ಆರು ವರ್ಷ ಹಳ್ಳಿ ಹಳ್ಳಿ ತಿರುಗಿ ಹಿರಿಯರ ಜ್ಞಾಪಕಶಕ್ತಿಯ ಪರೀಕ್ಷೆ ಮಾಡಿದ್ದಾರೆ. ಯೋಜನೆ ಮುಗಿಯುತ್ತಿದೆ, ಮನಸ್ಸು ಸಾರ್ವಜನಿಕ ಗ್ರಂಥಾಲಯದ ಕಡೆಗಿದೆ. 'ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆ ಕಿವುಚಿದಂತೆ ಆಗುತ್ತದೆಯೇ?' ಎಂದು ಕೇಳಿದ್ದಾರೆ.

ಆಗುವುದಿಲ್ಲ. ಆದರೆ ಒಂದು ಅಭ್ಯಾಸ ಬಿಡಬೇಕು. ಅದಕ್ಕೆ ಆಮೇಲೆ ಬರೋಣ.

ಮೊದಲು ಅರ್ಹತೆಯ ಮಾತು. ನಿಮ್ಮ ಎಂ.ಎಸ್ಸಿ. ಗ್ರಂಥಪಾಲಕ ಹುದ್ದೆಗೆ ಲೆಕ್ಕಕ್ಕೆ ಬರುವುದಿಲ್ಲ, ನಾಳೆ ಪಿಎಚ್.ಡಿ. ಮಾಡಿದರೂ ಅಷ್ಟೇ. ಯಾವ ಪದವಿಯ ಮೇಲಾದರೂ ಗ್ರಂಥಾಲಯ ವಿಜ್ಞಾನದ ಒಂದು ವರ್ಷದ ಪದವಿ ಬಿ.ಲಿಬ್., ಅದರ ಮೇಲೆ ಇನ್ನೊಂದು ವರ್ಷದ ಎಂ.ಲಿಬ್. ಮಾಡಬಹುದು. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ, ಇಗ್ನೋ ಎರಡೂ ಇದನ್ನು ದೂರಶಿಕ್ಷಣದಲ್ಲಿ ಕಲಿಸಿಕೊಂಡು ಬಂದಿವೆ. ಶುಲ್ಕ ಕಟ್ಟುವ ಮುನ್ನ ಆ ವರ್ಷಕ್ಕೆ ಯುಜಿಸಿ ಮಾನ್ಯತೆ ಇದೆಯೇ ನೋಡಿಕೊಳ್ಳಿ. ಸರ್ಕಾರಿ ಹುದ್ದೆಯೇ ಬೇಕೆಂದರೆ ವಯೋಮಿತಿಯನ್ನು ಎಲ್ಲಕ್ಕಿಂತ ಮೊದಲು ನೋಡಿ, ಕೋರ್ಸ್ ಮುಗಿದ ಮೇಲಲ್ಲ. ಕಚೇರಿಯೂ ಒಂದೇ ಅಲ್ಲ: ಜಿಲ್ಲಾ ಮತ್ತು ನಗರ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಲ್ಲಿವೆ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಹೋಗಿ, ಈಗ 'ಅರಿವು ಕೇಂದ್ರ' ಎನಿಸಿಕೊಂಡಿವೆ. ತಪ್ಪು ಬಾಗಿಲು ತಟ್ಟಿ ದಿನ ಕಳೆದುಕೊಳ್ಳುವವರು ಬಹಳ ಮಂದಿ.

ಕ್ಷೇತ್ರ ಬದಲಿಸಿದ್ದಕ್ಕೆ ಸಂಕೋಚ ಬೇಡ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿಕೊಂಡ ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟ್ರಾಗಿದ್ದವರು, 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಕೆಲವೇ ದಿನಕ್ಕೆ ಬೇಸತ್ತು ಪಾಠಕ್ಕೇ ವಾಪಸು ಹೋಗುತ್ತೇನೆಂದು ಹಟ ಹಿಡಿದಿದ್ದರು ಕೂಡ!

ಈಗ ನಿಮ್ಮ ಬಂಡವಾಳ. 'ಅಜ್ಜನಿಗೆ ಓದಿನಲ್ಲಿ ಆಸಕ್ತಿಯಿಲ್ಲ' ಎಂದು ಮನೆಯವರು ಹೇಳಿದಾಗ ಅದು ಆಸಕ್ತಿಯೋ, ಕಣ್ಣಿನ ಪೊರೆಯೋ, ಕಿವಿಯೋ, ಮರೆವೋ ಎಂದು ಬೇರ್ಪಡಿಸಿ ನೋಡುವುದು ನಿಮಗೆ ಗೊತ್ತು. 60 ದಾಟಿದ ಕಣ್ಣಿನೊಳಕ್ಕೆ ಇಳಿಯುವ ಬೆಳಕು 20ರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಪಾಲು. ಛಾವಣಿಯ ಒಂದು ಟ್ಯೂಬ್‌ಲೈಟ್ ಅವರಿಗೆ ಏನೂ ಸಾಲದು. ಮೇಜಿನ ಮೇಲೆ, ಪುಟಕ್ಕೆ ಬಗಲಿನಿಂದ ಬೀಳುವ ದೀಪ ಬೇಕು. ದೊಡ್ಡಕ್ಷರವೆಂದರೆ 16 ಪಾಯಿಂಟ್‌ಗೆ ಕಮ್ಮಿಯಿಲ್ಲ. ಆದರೆ ಇಂಗ್ಲಿಷಿನ ಅಳತೆಯನ್ನು ಹಾಗೇ ತಂದರೆ ಕನ್ನಡದಲ್ಲಿ ಕೆಡುತ್ತದೆ: 'ರಾಷ್ಟ್ರ'ದ ಒತ್ತು ಕೆಳಗಿನ ಸಾಲಿನ 'ಕಿ'ಯ ಗುಡಿಸಿಗೆ ತಾಗುತ್ತದೆ, ಎರಡೂ ಓದಲಾಗುವುದಿಲ್ಲ. ಸಾಲಿನ ನಡುವೆ ಒಂದೂವರೆ ಪಟ್ಟು ಜಾಗ ಬಿಡಿ, ಹೊಳೆಯುವ ಕಾಗದ ಬೇಡ. ಹಿರಿಯರ ಪುಸ್ತಕಗಳನ್ನು ಸೊಂಟದಿಂದ ಎದೆಯವರೆಗಿನ ಅರೆಗಳಲ್ಲೇ ಇಡಿ. ಕೈಯಿಲ್ಲದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರು ಏಳಲಾರದೆ ಮುಂದಿನ ವಾರ ಬರುವುದನ್ನೇ ಬಿಡುತ್ತಾರೆ. ಮುದ್ರಿತ ಪುಟ ಓದಲಾಗದಷ್ಟು ದೃಷ್ಟಿ ಹೋದವರಿಗಾಗಿ ಹಕ್ಕುಸ್ವಾಮ್ಯವಿರುವ ಪುಸ್ತಕವನ್ನೂ ಲಾಭವಿಲ್ಲದೆ ದೊಡ್ಡಕ್ಷರ ಅಥವಾ ಧ್ವನಿ ರೂಪಕ್ಕೆ ತರಲು 2012ರ ಕಾಯ್ದೆ ತಿದ್ದುಪಡಿಯಲ್ಲಿ ಅವಕಾಶವಿದೆ. ಅಕ್ಷರವೇ ಬಾರದವರಿಗೆ ಗಮಕ ಇದ್ದೇ ಇದೆ.

ಪುಸ್ತಕಗಳಿಗೆ ವಿಷಯವಾರು ಅಂಕಿ ಕೊಟ್ಟು ಜೋಡಿಸುವ ಡ್ಯೂಯಿ ವರ್ಗೀಕರಣ ನಿಮಗೆ ಮೊದಲ ಪೆಟ್ಟು ಕೊಡುತ್ತದೆ. ನಿಮ್ಮ ಒಂದೇ ವಿಷಯ ಅಲ್ಲಿ ಚೆಲ್ಲಾಪಿಲ್ಲಿ: ಮುಪ್ಪಿನ ದೇಹಕ್ರಿಯೆ 612.67, ಮುಪ್ಪಿನ ವೈದ್ಯ 618.97, ಹಿರಿಯರ ಸಮಾಜ 305.26, ಅವರ ಸೇವೆ 362.6. ಅಮ್ಮನ ಮರೆವಿನ ಬಗ್ಗೆ ಪುಸ್ತಕ ಹುಡುಕಿ ಬಂದವಳು ನಾಲ್ಕು ಬೀರು ಸುತ್ತಬೇಕು. ಜೊತೆಗಿದ್ದು ದಾರಿ ತೋರಿಸುವುದು ನಿಮ್ಮ ಕೆಲಸ.

ಇನ್ನು ಬಿಡಬೇಕಾದ ಅಭ್ಯಾಸ. ಸಂಶೋಧನೆಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಮಾತಿನಲ್ಲಿ. ಸುಳಿವು ಕೊಟ್ಟರೆ ಫಲಿತಾಂಶ ಹಾಳು. ಇಲ್ಲಿ ಸುಳಿವು ಕೊಡುವುದೇ ಕಸುಬು. 'ರಾಮಾಯಣ ಇದೆಯಾ?' ಎಂದರೆ ಷಟ್ಪದಿಯದೋ, ಗದ್ಯದ್ದೋ, ತಮಗೋ ಮೊಮ್ಮಗಳಿಗೋ, ಓದುವುದಕ್ಕೋ ಓದಿಸಿ ಕೇಳುವುದಕ್ಕೋ ಎಂದು ಒಬ್ಬೊಬ್ಬರನ್ನು ಒಂದೊಂದು ಥರ ಕೇಳಬೇಕು. ಬಂದವರ ಮರೆವನ್ನು ಮನಸ್ಸಿನಲ್ಲೇ ಅಂಕ ಹಾಕಿ ಅಳೆಯಬೇಡಿ. ಯಾರು ಯಾವ ಪುಸ್ತಕ ಒಯ್ದರೆಂಬುದು ದತ್ತಾಂಶವಲ್ಲ. ಮಗ ಬಂದು ಕೇಳಿದರೂ ಹೇಳಬಾರದು.

'ಓದಿದರೆ ಮರೆವು ಬಾರದು' ಎಂಬ ಬೋರ್ಡ್ ಬರೆಸೋಣವೆಂದು ಯಾರಾದರೂ ಹೊರಟರೆ ತಡೆಯಬೇಕಾದವರೂ ನೀವೇ. ಓದುವ ಹಿರಿಯರಲ್ಲಿ ಮರೆವಿನ ಕಾಯಿಲೆ ಕಡಿಮೆ ಕಾಣುವುದು ನಿಜ. ಆದರೆ ಕಾಯಿಲೆ ಒಳಗೊಳಗೇ ಶುರುವಾದವರು ಗೊತ್ತಾಗುವ ಎಷ್ಟೋ ಮುಂಚೆ ಪುಸ್ತಕ ಕೆಳಗಿಡುತ್ತಾರೆ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ಬೋರ್ಡ್ ನಂಬಿ ಬಂದವರ ಗಂಡನಿಗೆ ಮರೆವು ಶುರುವಾದರೆ, ಸಾಕಷ್ಟು ಓದಿಸಲಿಲ್ಲವೆಂದು ಅವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಆ ಜಾಗದಲ್ಲಿ ದಿನಪತ್ರಿಕೆ ಬರುವ ಹೊತ್ತು ಬರೆಸಿ, ದೊಡ್ಡಕ್ಷರದಲ್ಲಿ.