ಆಗುಂಬೆ ಘಾಟಿಯಲ್ಲಿ ನಿಲ್ಲುವ ಪದ್ಮಿನಿಗೆ ಹೊಸ ಕಾರ್ಬ್ಯುರೇಟರ್ ಹಾಕಿಸಬೇಕೇ?

ತೀರ್ಥಹಳ್ಳಿಯಲ್ಲಿರುವ ನಿಮ್ಮ 1986ರ ಪ್ರೀಮಿಯರ್ ಪದ್ಮಿನಿ ಊರೊಳಗೆ ಚೆನ್ನಾಗಿಯೇ ಓಡುತ್ತದೆ, ಆದರೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಏಳೆಂಟು ತಿರುವು ದಾಟುವಷ್ಟರಲ್ಲಿ ಕೆಮ್ಮಿ ಕೆಮ್ಮಿ ನಿಂತುಬಿಡುತ್ತದೆ, ಇಪ್ಪತ್ತು ನಿಮಿಷ ಸುಮ್ಮನೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ ಎಂದು ಬರೆದಿದ್ದೀರಿ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರನ್ನು ಎರಡು ಸಲ ಬಿಚ್ಚಿ ತೊಳೆದದ್ದೂ ಆಗಿದೆ. ಈಗ ಹೊಸದನ್ನೇ ಹಾಕಿಸಿ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ, ಹಾಕಿಸಲೇ ಎಂಬುದು ನಿಮ್ಮ ಪ್ರಶ್ನೆ. ಸದ್ಯಕ್ಕೆ ಬೇಡ. ಅದರ ಜೆಟ್‌ನಲ್ಲಿ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನಲ್ಲಿ, ಕಸ ಕೂತಿದ್ದರೆ ಅದು ಇಪ್ಪತ್ತು ನಿಮಿಷ ವಿಶ್ರಾಂತಿ ಪಡೆದು ತಾನಾಗಿ ಎದ್ದುಹೋಗುವುದಿಲ್ಲ. ನಿಮ್ಮ ತೊಂದರೆ ಕಾರ್ಬ್ಯುರೇಟರಿಗಿಂತ ಹಿಂದೆ, ಟ್ಯಾಂಕಿನಿಂದ ಪಂಪ್‌ವರೆಗಿನ ದಾರಿಯಲ್ಲಿ ಎಲ್ಲೋ ಇದೆ ಎಂಬುದು ನನ್ನ ಅನಿಸಿಕೆ.

ಆ ದಾರಿಯನ್ನು ಒಮ್ಮೆ ಮನಸ್ಸಿನಲ್ಲಿ ನೋಡಿಕೊಳ್ಳಿ. ಟ್ಯಾಂಕ್ ಹಿಂದೆ, ಡಿಕ್ಕಿಯ ಕಡೆ ಇದೆ. ಪಂಪ್ ಮುಂದೆ, ಎಂಜಿನ್‌ಗೇ ಅಂಟಿಕೊಂಡಿದೆ. ಕ್ಯಾಮ್‌ಶಾಫ್ಟ್ ತಿರುಗಿದ ಹಾಗೆ ಪಂಪಿನೊಳಗಿನ ಡಯಾಫ್ರಮ್ ಎಂಬ ಪೊರೆ ಮೇಲೆ ಕೆಳಗೆ ಆಡಿ, ಕಾರಿನ ಉದ್ದಕ್ಕೂ ಬಂದ ಪೈಪಿನಿಂದ ಪೆಟ್ರೋಲನ್ನು ಹೀರಿ ಕಾರ್ಬ್ಯುರೇಟರಿನ ಫ್ಲೋಟ್ ಬೌಲ್ ಎಂಬ ಪುಟ್ಟ ಬಟ್ಟಲಿಗೆ ತಳ್ಳುತ್ತದೆ. ಆ ಬೌಲ್‌ನಲ್ಲಿ ಹಿಡಿಯುವುದು ಸ್ವಲ್ಪವೇ ಪೆಟ್ರೋಲ್. ತೀರ್ಥಹಳ್ಳಿ ಪೇಟೆಯಲ್ಲಿ ಓಡಾಡುವಾಗ ಪೂರೈಕೆ ಅರ್ಧಕ್ಕೆ ಇಳಿದರೂ ಅದು ಗೊತ್ತಾಗುವುದಿಲ್ಲ. ಹದಿನಾಲ್ಕು ತಿರುವುಗಳ ಘಾಟಿಯನ್ನು ಎರಡನೇ ಗೇರಿನಲ್ಲಿ, ತುಂಬಿದ ಕಾರಿನಲ್ಲಿ ಹತ್ತುವಾಗ 1089 ಸಿಸಿ ಎಂಜಿನ್ ಪೂರ್ತಿ ದುಡಿಯುತ್ತದೆ. ಒಳಗೆ ಬರುವುದಕ್ಕಿಂತ ಖರ್ಚು ಹೆಚ್ಚಾಗಿ ಬೌಲ್ ನಿಧಾನವಾಗಿ ಬರಿದಾಗುತ್ತದೆ. ನೀವು ಹೇಳುವ ಕೆಮ್ಮು ಅದೇ.

ಇಲ್ಲಿ ಒಂದು ತೊಡಕಿದೆ. ಟ್ಯಾಂಕಿಗೆ ಗಾಳಿ ಹೋಗದಿರುವುದು, ಪೈಪಿನಲ್ಲಿ ಪೆಟ್ರೋಲ್ ಆವಿಯಾಗುವುದು, ಟ್ಯಾಂಕಿನ ತಳದ ಕಸ ಹೀರುಕೊಳವೆಗೆ ಅಡ್ಡಬರುವುದು, ಈ ಮೂರೂ ಸ್ವಲ್ಪ ಹೊತ್ತು ಕಾಯ್ದರೆ ತಾವಾಗಿಯೇ ಸರಿಹೋಗುತ್ತವೆ. ಹಾಗಾಗಿ ಚಹಾ ಕುಡಿದು ಬರುವಷ್ಟರಲ್ಲಿ ಸಾಕ್ಷ್ಯವೆಲ್ಲ ಅಳಿಸಿಹೋಗಿರುತ್ತದೆ. ಮರುದಿನ ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್‌ಗೆ ಕಾಣುವುದು ಚೆನ್ನಾಗಿ ಓಡುವ ಕಾರು. ನೋಡಬೇಕಾದ್ದು ನಿಂತ ಮೊದಲ ಐದು ನಿಮಿಷದಲ್ಲಿ. ತಿರುವಿನಲ್ಲಿ ನಿಂತರೆ ಮಾತ್ರ ಏನೂ ಮಾಡಲು ಹೋಗಬೇಡಿ, ಮೊದಲು ಕಾರನ್ನು ಅಗಲವಾದ ಜಾಗಕ್ಕೆ ಸರಿಸಿ, ಚಕ್ರಕ್ಕೆ ಕಲ್ಲು ಕೊಡಿ.

ನಿಂತ ತಕ್ಷಣ ಟ್ಯಾಂಕಿನ ಮುಚ್ಚಳ ತೆಗೆಯಿರಿ. ನನ್ನ ಪದ್ಮಿನಿಯೂ ಹೊಸಂಗಡಿಯಿಂದ ಹುಲಿಕಲ್ ಘಾಟಿ ಹತ್ತುವಾಗ ಇದೇ ಆಟ ಆಡಿತ್ತು. ಪಂಪಿನ ಕಿಟ್ ಬದಲಾಯಿಸಿದೆ, ಕಾರ್ಬ್ಯುರೇಟರ್ ಹೊಸದು ಹಾಕಿಸಿದೆ, ಪ್ಲಗ್ಗುಗಳನ್ನೂ ಬಿಡಲಿಲ್ಲ. ಆದರೂ ಕಾರು ಅದೇ ಏರಿನಲ್ಲಿ ನಿಂತಿತು. ಕೊನೆಗೊಂದು ದಿನ ಬೇಸರಕ್ಕೆ, ಪೆಟ್ರೋಲ್ ಇದೆಯೇ ಎಂದು ನೋಡಲು ಮುಚ್ಚಳ ತಿರುಗಿಸಿದರೆ ಒಳಗಿನಿಂದ ಸುಂಯ್ ಎಂದು ಉದ್ದನೆಯ ಉಸಿರೆಳೆದ ಸದ್ದು ಬಂತು. ಮುಚ್ಚಳವನ್ನು ಸಡಿಲವಾಗಿಟ್ಟು ಸೆಲ್ಫ್ ಹೊಡೆದೆ, ಅರ್ಧ ನಿಮಿಷದಲ್ಲಿ ಎಂಜಿನ್ ಹಿಡಿಯಿತು. ಹಳೆಯ ಮುಚ್ಚಳ ಕಳೆದುಹೋಗಿದ್ದರಿಂದ ಕೆಲವು ತಿಂಗಳ ಹಿಂದೆ ಬೀಗವಿರುವ ಹೊಸ ಮುಚ್ಚಳವನ್ನು ಕೊಂಡಿದ್ದೆ, ಅದರಲ್ಲಿ ಗಾಳಿಯಾಡುವ ರಂಧ್ರವೇ ಇರಲಿಲ್ಲ. ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬಾರದೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ, ಪಂಪ್ ಎಷ್ಟು ಎಳೆದರೂ ಏನೂ ಬರುತ್ತಿರಲಿಲ್ಲ. ಅನವಶ್ಯಕವಾಗಿ ಕೊಂಡ ಆ ಕಾರ್ಬ್ಯುರೇಟರ್ ಈಗ ಪೇಪರಿನಲ್ಲಿ ಸುತ್ತಿಕೊಂಡು ನಮ್ಮ ಅಟ್ಟದ ಮೇಲೆ ಕೂತಿದೆ. ನಿಮ್ಮದು ಮೂಲ ಮುಚ್ಚಳವೇ ಆಗಿದ್ದರೂ ರಂಧ್ರವನ್ನು ಬೆಳಕಿಗೆ ಹಿಡಿದು ನೋಡಿ. ಗಾಳಿಗೆಂದು ಪ್ರತ್ಯೇಕ ಕೊಳವೆಯಿದ್ದರೆ ಅದರ ಬಾಯಿಯನ್ನೂ ನೋಡಿ. ಮಳೆಗಾಲವಿಡೀ ಕೊಟ್ಟಿಗೆಯ ಪಕ್ಕದಲ್ಲಿ ನಿಲ್ಲುವ ಕಾರಿನಲ್ಲಿ ಮಣ್ಣಿನ ಗೂಡು ಕಟ್ಟುವ ಕಡಜಕ್ಕೆ ಅಂಥ ತೂತುಗಳೆಂದರೆ ಬಲು ಇಷ್ಟ.

ಮುಚ್ಚಳ ತೆಗೆದಾಗ ಸದ್ದೇ ಬರದಿದ್ದರೆ, ಒಂದು ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಪಂಪಿಗೂ ಅದಕ್ಕೆ ಬರುವ ಪೈಪಿಗೂ ಸುತ್ತಿ. ಎರಡು ಮೂರು ನಿಮಿಷದಲ್ಲಿ ಎಂಜಿನ್ ಹಿಡಿದರೆ ಅದು ವೇಪರ್ ಲಾಕ್, ಅಂದರೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟಿಕೊಂಡಿದೆ. ಪೆಟ್ರೋಲಿನ ಹಗುರ ಅಂಶಗಳು ಸುಮಾರು 40 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗತೊಡಗುತ್ತವೆ. ಪಂಪ್ ಹೀರುವ ಬದಿಯಲ್ಲಿ ಒತ್ತಡ ಕಡಿಮೆಯಿರುವುದರಿಂದ ಅಲ್ಲಿ ಇನ್ನೂ ಬೇಗ. ಪಂಪ್ ದ್ರವವನ್ನು ತಳ್ಳಬಲ್ಲದೇ ಹೊರತು ಆವಿಯನ್ನಲ್ಲ. ಏಪ್ರಿಲ್ ಮಧ್ಯಾಹ್ನ ಮಾತ್ರ ನಿಲ್ಲುತ್ತದೆ, ಜುಲೈ ಮಳೆಯಲ್ಲಿ ನಿಲ್ಲುವುದಿಲ್ಲ ಎಂದಾದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ನೀವು ಯಾವ ತಿಂಗಳಲ್ಲಿ ನಿಂತಿತು ಎಂದು ಬರೆದಿಲ್ಲ, ಅದೊಂದನ್ನು ನೆನಪಿಸಿಕೊಳ್ಳಿ. ಎಕ್ಸಾಸ್ಟ್‌ನ ಹತ್ತಿರ ಹಾಯುವ ಪೈಪನ್ನು ದೂರ ಸರಿಸುವುದು, ಪಂಪಿಗೂ ಎಂಜಿನ್‌ಗೂ ನಡುವೆ ಶಾಖ ತಡೆಯುವ ತುಂಡು ಇರಬೇಕಾದ ಜಾಗದಲ್ಲಿ ಇದೆಯೇ ಎಂದು ನೋಡುವುದು, ಇಷ್ಟರಿಂದ ಸಾಮಾನ್ಯವಾಗಿ ಪರಿಹಾರ ಸಿಗುತ್ತದೆ.

ಮೂರನೆಯದು ಕಸ ಮತ್ತು ನೀರು, ಮಲೆನಾಡಿನಲ್ಲಿ ನಾನು ಹೆಚ್ಚು ಕಂಡಿರುವುದು ಇದನ್ನೇ. ಅರ್ಧ ಖಾಲಿಯಿರುವ ಟ್ಯಾಂಕ್ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಆ ತೇವ ನೀರಾಗಿ ತಳ ಸೇರಿ ತಗಡನ್ನು ತುಕ್ಕು ಹಿಡಿಸುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಸಮಸ್ಯೆ ಇನ್ನೂ ಹೆಚ್ಚು: ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು, ನಮ್ಮ ಕಾರುಗಳ ರಬ್ಬರ್ ಅದಕ್ಕಿಂತ ದಶಕಗಳಷ್ಟು ಹಿಂದಿನದು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಟ್ಯಾಂಕಿನಲ್ಲಿ ಕಟ್ಟಿದ ಹಳೆಯ ಪೆಟ್ರೋಲಿನ ಅಂಟನ್ನು ಕರಗಿಸಿ ಮುಂದಕ್ಕೆ ಕಳಿಸುತ್ತದೆ, ಹಳೆಯ ರಬ್ಬರ್ ಪೈಪನ್ನು ಒಳಗಿನಿಂದ ಮೆತ್ತಗಾಗಿಸುತ್ತದೆ. ಟ್ಯಾಂಕಿನ ತಳದಿಂದ ಒಂದಿಷ್ಟು ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ರಾತ್ರಿ ಹಾಗೇ ಬಿಡಿ. ನನ್ನ ನೆಂಟರ ಕಾರಿನಿಂದ ತೆಗೆದ ಬಾಟಲಿಯಲ್ಲಿ ಬೆಳಿಗ್ಗೆ ತಳದಲ್ಲಿ ಎರಡು ಬೆರಳಿನಷ್ಟು ಬೇರೆಯೇ ಪದರ, ಅದರ ಕೆಳಗೆ ರಾಗಿ ಹಿಟ್ಟಿನಂಥ ಕೆಂಪು ನುಣುಪು ಕೂತಿತ್ತು. ಇಂಥದ್ದು ಕಂಡರೆ ಟ್ಯಾಂಕನ್ನೇ ಇಳಿಸಿ ತೊಳೆಸಬೇಕು, ಫಿಲ್ಟರ್ ಬದಲಾಯಿಸಿ ಸುಮ್ಮನಾದರೆ ತಿಂಗಳಲ್ಲಿ ಮತ್ತೆ ಅದೇ ಕತೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ವಿಚಾರಿಸಿ. ಆದರೆ ಪೆಟ್ರೋಲ್ ಆವಿ ತುಂಬಿದ ಟ್ಯಾಂಕಿಗೆ ಯಾರೂ ವೆಲ್ಡಿಂಗ್ ಬೆಂಕಿ ಮುಟ್ಟಿಸದಂತೆ ನಿಂತು ನೋಡಿಕೊಳ್ಳಿ.

ಇನ್ನೆರಡು ಪರೀಕ್ಷೆಗಳನ್ನು ಮನೆಯಂಗಳದಲ್ಲಿ, ಎಂಜಿನ್ ತಣ್ಣಗಿರುವಾಗ ಮಾಡಿ. ಕಾರ್ಬ್ಯುರೇಟರಿಗೆ ಬರುವ ಪೈಪನ್ನು ಬಿಡಿಸಿ ಬಾಟಲಿಗೆ ಇಟ್ಟು, ಕಿಡಿ ಹುಟ್ಟದಂತೆ ಇಗ್ನಿಷನ್ ಕಾಯಿಲಿನ ತಂತಿ ತೆಗೆದು, ಹತ್ತು ಸೆಕೆಂಡಿನಂತೆ ಬಿಟ್ಟುಬಿಟ್ಟು ಸೆಲ್ಫ್ ಹೊಡೆಸಿ: ಪ್ರತಿ ಬಡಿತಕ್ಕೂ ಗಟ್ಟಿ ಚಿಮ್ಮು ಬರಬೇಕು, ಗುಳ್ಳೆ ಬರಬಾರದು. ದುರ್ಬಲವಾಗಿದ್ದರೆ ಪಂಪಿನ ಒಳಬರುವ ಪೈಪನ್ನು ಕಳಚಿ, ಬೇರೊಂದು ಹೊಸ ಪೈಪಿನಿಂದ ಕ್ಯಾನಿನಲ್ಲಿರುವ ಪೆಟ್ರೋಲನ್ನು ನೇರವಾಗಿ ಹೀರಿಸಿ ನೋಡಿ. ಕ್ಯಾನಿನಿಂದ ಚೆನ್ನಾಗಿ ಬಂದು ಟ್ಯಾಂಕಿನಿಂದ ಬಾರದಿದ್ದರೆ ಪಂಪ್ ನಿರಪರಾಧಿ. ಗುಳ್ಳೆ ಬರುತ್ತಿದ್ದರೆ ಪಂಪಿನ ಮುಂಚಿನ ರಬ್ಬರ್ ತುಂಡುಗಳನ್ನು ನೋಡಿ. ಒಂದು ತೊಟ್ಟು ಪೆಟ್ರೋಲ್ ಸೋರದ ಬಿರುಕು ಕೂಡ ಹೀರುವಾಗ ಗಾಳಿಯನ್ನು ಧಾರಾಳವಾಗಿ ಒಳಬಿಡುತ್ತದೆ. ಕ್ಯಾನಿನಿಂದಲೂ ಬಾರದಿದ್ದರೆ ಪಂಪೇ ಕೆಟ್ಟಿದೆ, ಹೆಚ್ಚಾಗಿ ಡಯಾಫ್ರಮ್ ಹೋಗಿರುತ್ತದೆ. ಆಗ ಡಿಪ್‌ಸ್ಟಿಕ್ ಮೂಸಿ ನೋಡಿ, ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಇದ್ದರೆ ಕಾರನ್ನು ಓಡಿಸಲೇಬೇಡಿ.

ಕೆಮ್ಮದೆ, ಸ್ವಿಚ್ ಆರಿಸಿದಂತೆ ಒಮ್ಮೆಲೇ ನಿಲ್ಲುತ್ತಿದ್ದರೆ ಇದು ಪೆಟ್ರೋಲಿನ ಮಾತೇ ಅಲ್ಲ, ಕಿಡಿ ಹುಟ್ಟಿಸುವ ಕಡೆಯ ಬಿಸಿಯಾದ ಕಾಯಿಲ್ ಅಥವಾ ಕಂಡೆನ್ಸರ್ ನೋಡಿಸಿ.

ಇಷ್ಟೂ ಸರಿಯಿದ್ದು, ನಿಂತ ಹೊತ್ತಿನಲ್ಲಿ ಪೈಪಿನಲ್ಲಿ ಪೆಟ್ರೋಲ್ ಗಟ್ಟಿಯಾಗಿ ಬರುತ್ತಿದ್ದೂ ಬೌಲ್ ಮಾತ್ರ ಬರಿದಾಗಿದ್ದರೆ ಆಗ ಕಾರ್ಬ್ಯುರೇಟರ್ ಬಿಚ್ಚಿಸಿ. ಆಗಲೂ ಮೊದಲು ಬದಲಾಯಿಸಬೇಕಾದ್ದು ಬೌಲ್‌ಗೆ ಪೆಟ್ರೋಲ್ ಬಿಡುವ, ತಡೆಯುವ ಫ್ಲೋಟಿನ ನೀಡಲ್ ವಾಲ್ವ್ ಒಂದನ್ನೇ. ಹೊಸದನ್ನು ಹಾಕಿಸುವ ಸಂದರ್ಭ ಬಂದರೂ, ಕಾರಿನ ಜೊತೆ ಬಂದ ಹಳೆಯ ಸೋಲೆಕ್ಸ್ ಕಾರ್ಬ್ಯುರೇಟರನ್ನು ಮಾತ್ರ ಬದಲಿಗೆ ಕೊಟ್ಟುಬಿಡಬೇಡಿ, ಮನೆಗೆ ತನ್ನಿ.