ಶನಿವಾರ ಹೊರಟ ವಿಮಾನ ಸೋಮವಾರ ಇಳಿಯುವುದೇಕೆ?

ಪ್ರಶ್ನೆ: ನನ್ನ ಮಗಳು ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದಾಳೆ. ಅಲ್ಲಿಂದ ಬೆಂಗಳೂರಿಗೆ ನೇರ ವಿಮಾನದಲ್ಲಿ ಹದಿನೇಳು ಗಂಟೆ ಸಾಕೆನ್ನುತ್ತಾರೆ. ಆದರೂ ಶನಿವಾರ ರಾತ್ರಿ ಹೊರಟವರು ಇಲ್ಲಿ ಇಳಿಯುವುದು ಸೋಮವಾರ ಬೆಳಗಿನ ಜಾವವಂತೆ. ಇದು ಹೇಗೆ? ಪೆಸಿಫಿಕ್ ಸಾಗರವನ್ನು ನೇರವಾಗಿ ದಾಟುವುದನ್ನು ಬಿಟ್ಟು ವಿಮಾನ ಉತ್ತರ ಧ್ರುವದ ಕಡೆಗೆ ಹೋಗುವುದೇಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ದಾರಿಯ ವಿಷಯ. ಗೋಡೆಯ ಭೂಪಟವನ್ನು ನಂಬಬೇಡಿ. ಮಕ್ಕಳ ಗ್ಲೋಬೊಂದನ್ನು ಎದುರಿಗಿಟ್ಟುಕೊಂಡು, ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊವರೆಗೆ ಬಿಗಿಯಾಗಿ ಎಳೆಯಿರಿ. ದಾರವು ಜಪಾನಿನ ಕಡೆಗೆ ತಿರುಗುವುದೇ ಇಲ್ಲ. ಟಿಬೆಟ್, ಮಂಗೋಲಿಯ, ಸೈಬೀರಿಯಗಳ ಮೇಲೆ ಹಾದು, ಆರ್ಕ್‌ಟಿಕ್ ಕರಾವಳಿಯನ್ನು ಮುಟ್ಟಿ, ಅಲಾಸ್ಕದ ಮೂಲಕ ಕೆಳಗಿಳಿಯುತ್ತದೆ. ಗೋಳದ ಮೇಲಿನ ಅತ್ಯಂತ ಹತ್ತಿರದ ಈ ದಾರಿಯ ಉದ್ದ ಸುಮಾರು 14,000 ಕಿಲೋಮೀಟರ್. ಎರಡು ಊರುಗಳ ರೇಖಾಂಶಗಳ ನಡುವೆ 160 ಡಿಗ್ರಿಗಳಷ್ಟು ಅಂತರವಿರುವುದರಿಂದ, ಅಂದರೆ ಅವು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲುಗಳಲ್ಲಿರುವುದರಿಂದ, ಧ್ರುವವನ್ನೇ ಹಾದು ಬಂದರೂ ಹೆಚ್ಚಾಗುವ ದೂರ 400 ಕಿಲೋಮೀಟರಿಗಿಂತ ಕಡಿಮೆ. ಗಾಳಿಯ ಕಾಟ ತಪ್ಪುವುದಾದರೆ ಅಷ್ಟು ಸುತ್ತು ನಷ್ಟವಲ್ಲ.

ಆ ಗಾಳಿಯೇ ಪ್ರಯಾಣದ ಅವಧಿಯನ್ನು ನಿರ್ಧರಿಸುತ್ತದೆ. ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ 14,000 ಕಿಲೋಮೀಟರ್ ಕ್ರಮಿಸಲು ಹದಿನೈದೂವರೆ ಗಂಟೆ ಬೇಕು. ಆದರೆ ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹವೆಂಬ ಬಿರುಗಾಳಿ ಬೀಸುತ್ತಿರುತ್ತದೆ. ಸರಾಸರಿ 50 ಕಿಲೋಮೀಟರ್ ವೇಗದ ಗಾಳಿ ಹಿಂದಿನಿಂದ ತಳ್ಳಿದರೆ ಹದಿನಾಲ್ಕು ಮುಕ್ಕಾಲು ಗಂಟೆ, ಅದೇ ಗಾಳಿ ಎದುರಾದರೆ ಹದಿನಾರೂವರೆ ಗಂಟೆ. ಏರುವ, ಇಳಿಯುವ ಹೊತ್ತು ಇದಕ್ಕೆ ಸೇರಬೇಕು. ಹೀಗಾಗಿ ಇಲ್ಲಿಂದ ಹೋಗುವುದಕ್ಕಿಂತ ಅಲ್ಲಿಂದ ಬರುವುದೇ ಸಾಮಾನ್ಯವಾಗಿ ದೀರ್ಘ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಧ್ರುವಮಾರ್ಗವಾಗಿ ತಂದು, 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಸಿದ್ದರು.

ಅದೂ ಶನಿವಾರ ಹೊರಟು ಸೋಮವಾರ ಇಳಿದ ವಿಮಾನವೇ. ನಡುವಿನ ಭಾನುವಾರ ಎಲ್ಲಿಯೂ ಕಳೆದುಹೋಗಿಲ್ಲ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಬೇಸಿಗೆಯಲ್ಲಿ ಅವರು ತಮ್ಮ ಗಡಿಯಾರವನ್ನು ಮುಂದಕ್ಕೆ ಸರಿಸುವುದರಿಂದ ಹನ್ನೆರಡೂವರೆ ಗಂಟೆ. ಚಳಿಗಾಲದ ಶನಿವಾರ ರಾತ್ರಿ ಎಂಟಕ್ಕೆ ಹೊರಟು ಹದಿನೇಳು ಗಂಟೆ ಹಾರಿದರೆ ಅಲ್ಲಿ ಭಾನುವಾರ ಮಧ್ಯಾಹ್ನ ಒಂದು ಗಂಟೆ, ಇಲ್ಲಿ ಸೋಮವಾರ ಬೆಳಗಿನ ಜಾವ ಎರಡೂವರೆ. ಹೋಗುವಾಗ ಇದು ತಿರುವುಮುರುವು: ಇಲ್ಲಿ ಮಧ್ಯಾಹ್ನ ಎರಡಕ್ಕೆ ಹತ್ತಿ ಹದಿನಾರು ಗಂಟೆ ಕುಳಿತವರು ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆಗೆ ಇಳಿಯುತ್ತಾರೆ.

ಮಗಳನ್ನು ಕರೆತರಲು ಕಾರು ಗೊತ್ತುಮಾಡುವಾಗ ಒಂದು ಎಚ್ಚರವಿರಲಿ. ಟಿಕೆಟ್‌ನಲ್ಲಿ ಸೋಮವಾರ 2.30 ಎಂದಿದ್ದರೆ ಅದು ನಮ್ಮ ಮಾತಿನಲ್ಲಿ ಭಾನುವಾರದ ರಾತ್ರಿಯೇ. ನೀವು ಭಾನುವಾರ ಸಂಜೆಯೇ ದಾವಣಗೆರೆ ಬಿಡಬೇಕಾಗುತ್ತದೆ.