ದುಡ್ಡು ಊರಲ್ಲೇ ಉಳಿಯಬೇಕಾದರೆ

ನಿಮ್ಮೂರು ಅಭಯಾರಣ್ಯದ ಅಂಚಿನಲ್ಲಿದೆ, ಊರವರೇ ಸೇರಿ ಚಾರಣ ನಡೆಸಿದರೆ ದುಡ್ಡು ನಿಜವಾಗಿ ಊರಿಗೆ ಬರುತ್ತಾ ಎಂದು ಕೇಳಿದ್ದೀರಿ. ಖಂಡಿತ ಬರುತ್ತೆ. ಆದರೆ ಲೆಕ್ಕ ಊರವರ ಕೈಲಿರಬೇಕು.

ಒಮ್ಮೆ ಕೇರಳದ ತೇಕ್ಕಡಿಗೆ, ಪೆರಿಯಾರ್ ಹುಲಿ ಅಭಯಾರಣ್ಯಕ್ಕೆ ಹೋಗಿ ಬನ್ನಿ. 1990ರ ದಶಕದ ಕೊನೆಯಲ್ಲಿ ಅಲ್ಲಿ ಮರದ ತೊಗಟೆ ಕದ್ದು ಮಾರುತ್ತಿದ್ದವರನ್ನೇ ಸೇರಿಸಿ ಅರಣ್ಯ ಇಲಾಖೆ ಒಂದು ಸಮಿತಿ ಕಟ್ಟಿತು. ಕಳ್ಳದಾರಿ ಬಲ್ಲವರೇ ಗೈಡ್‌ಗಳಾದರು, ಕಾಡಿನ ಕಾವಲಿಗೂ ನಿಂತರು. ಹೆಂಗಸರ 'ವಸಂತ ಸೇನೆ' ಸಂಬಳವಿಲ್ಲದೆ ಗಸ್ತು ತಿರುಗಿದೆ. ನಾನು ಹೋದಾಗ ಜೊತೆಗೆ ಬಂದ ಹಿರಿಯರು ಮೊದಲು ಇಂಬಳ ಹತ್ತದ ಹಾಗೆ ಮೊಣಕಾಲವರೆಗೆ ಬಟ್ಟೆಯ ಚೀಲ ಕಟ್ಟಿಸಿದರು. ಆಮೇಲೆ ಮರದ ಮೇಲಿನ ಕರಡಿ ಉಗುರಿನ ಗೀರು ಮುಟ್ಟಿ, ಹಳೆಯದೋ ಹೊಸದೋ ಹೇಳಿದರು. ಜನ ದುಡ್ಡು ಕೊಡುವುದು ಆ ತಿಳಿವಳಿಕೆಗೇ, ಅಲ್ವಾ?

ಸುಮ್ನೆ ಹೋಮ್‌ಸ್ಟೇ ಕಟ್ಟಿ ಸಾಲ ಮಾಡಿಕೊಳ್ಳಬೇಡಿ. ಮೊದಲು ವಲಯ ಅರಣ್ಯಾಧಿಕಾರಿಯನ್ನು ಕಂಡು ಅನುಮತಿ ಕೇಳಿ. ಸರದಿ ಪ್ರಕಾರ ಎಲ್ಲ ಮನೆಗೂ ಕೆಲಸ ಸಿಗಲಿ. ದಿನಕ್ಕೆ ಒಂದೆರಡು ಸಣ್ಣ ತಂಡ ಸಾಕು, ಜಾಸ್ತಿ ಬೇಡ. ಯಾರಿಗೆ ಎಷ್ಟು ಪಾಲು ಅನ್ನೋದನ್ನು ಮೊದಲ ದಿನವೇ ಬರೆದಿಡಿ.